ಬಿಸಿಲು ಕಾಣದ ಮುಖ

ಕ್ಯಾಸಂಬಳ್ಳಿ
ಸೆಪ್ಟೆಂಬರ್ ೧೯೫೮

ಮೈಸೂರು ಮೈನ್ಸಿನಲ್ಲಿರುವ ನಮ್ಮ ಚೌಡಪ್ಪನ ತಂದೆಯವರಿಗೆ ಮಂಗಮ್ಮ ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಚೆನ್ನಾಗಿದೀವಿ. ಕರಿ ಹಸು ಈದೈತೆ, ಹೆಣ್ಣುಗರು.

ಹೋದ ತಿಂಗಳು ಬಂಗಾರಪೇಟೆ ಸಂತೇಲಿ ಹೂವಿನವಳು ಅಂದಿದ್ದು ನಿಮಗೆ ಮರ್ತೇ ಹೋಗಿರ್ತದೆ. "ಮನೆಯೋರಿಗೆ ಎರಡು ಮೊಳ ತಗೊಂಡೋಗಣ್ಣ, ಪಕ್ಕದಾಗಿರೋ ನಿಮ್ಮಕ್ಕನಿಗೂ ಒಂದು ಮೊಳ ಕೊಡ್ಲಾ" ಅಂದ್ಳು. ಅಕ್ಕ ಅಲ್ಲ, ಹೆಂಡ್ತಿ ಅಂತ ನೀವು ಹೇಳಲಿಲ್ಲ. ಮೀಸೆ ತೀಡ್ಕೊಂಡು ನಕ್ಕು ಮೂರು ಮೊಳಾನೂ ತಗೊಂಡ್ರಿ. ಅಷ್ಟನ್ನೂ ನಾನೇ ಮುಡ್ಕೊಂಡು ಬಸ್ಸು ಹತ್ತಿದೆ.

ಅವತ್ತಿಂದ ಸಂತೆಗೆ ಅತ್ತೇನೇ ಕಳಿಸ್ತಾ ಇದೀನಿ.

ನನಗಿಂತ ಎಂಟು ವರ್ಷ ದೊಡ್ಡೋರು ನೀವು. ಕನ್ನಡಿ ಮುಂದೆ ಕೂತು ಯೋಚನೆ ಮಾಡ್ದೆ. ಬೆಳಿಗ್ಗೆ ಚಿನ್ನದ ಗಣಿಗೆ ಇಳಿದೋರು ಹೊತ್ತು ಇಳಿದ ಮೇಲೆ ಹೊರಗೆ ಬತ್ತೀರಿ. ನಿಮ್ಮ ಪಾಲಿನ ಬಿಸಿಲೂ ಇಲ್ಲಿ ಹೊಲದಲ್ಲಿ ನನ್ನ ಮುಖದ ಮೇಲೇ ಬೀಳ್ತಾ ಐತೆ. ಭೂಮಿ ಒಳಗಿನ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ರಾತ್ರಿ ನೀವು ಕೆಮ್ಮೋದು ಕೇಳಿದೀನಿ. ಆದ್ರೆ ಕೆಮ್ಮು ಸಂತೇಲಿ ಯಾರ ಕಣ್ಣಿಗೂ ಕಾಣಾಕಿಲ್ಲ.

ನನ್ನ ನರೆತ ತಲೆಗೆ ಬಳಿಯೋ ಕಪ್ಪು ತತ್ತೀನಿ ಅಂದಿದ್ರಿ. ಬೇಡ, ಊರೋರು ನಗ್ತಾರೆ. ಬರೋ ಭಾನುವಾರ ನೀವು ಬನ್ನಿ, ಸಾಕು. ರಾಗಿ ಹೊಲದಾಗೆ ಕಳೆ ತುಂಬೈತೆ, ಇಬ್ರೂ ಕೂತು ಕೀಳಾನ. ಬುತ್ತಿ ಹೊಲಕ್ಕೇ ತತ್ತೀನಿ, ಸಂಜೆ ತನಕ ಇರಿ.

ತಲೆ ಮೇಲೆ ಟವಲ್ ಮಾತ್ರ ಹಾಕ್ಕೋಬೇಡಿ.

ಇಂತಿ ನಿಮ್ಮ ಹೆಂಡತಿ,
ಮಂಗಮ್ಮ