ಮೂರನೆಯ ಅಳತೆ

ಎರಡು ಸಾವಿರದ ಇನ್ನೂರ ಅರವತ್ತನಾಲ್ಕನೇ ಇಸವಿ,
ಗಾಳಿಮಾಸದ ಮೂವತ್ತೆಂಟನೇ ದಿನ, ಕಪ್ಪತಗುಡ್ಡದ ಬುಡ.

ಗದಗ ಸೀಮೆಯ ಆರೋಗ್ಯ ಉಪಕೇಂದ್ರದ ನರ್ಸ್, ನನ್ನ ಒಂಬತ್ತು ತಲೆಮಾರಿನ ಹಿಂದಿನ ಅಜ್ಜಿ ನಿಂಬೆವ್ವ ಹೂಗಾರ ಅವರಿಗೆ ಫಕೀರವ್ವ ಮಾಡುವ ಶರಣು.

ಅಜ್ಜಿ, ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಾಗದಗಳಿಂದ ಕಲಿತವಳು. ಮಾತು ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಗಾಳಿಮಾಸ ಎಂದರೆ ಆಷಾಢ, ಶ್ರಾವಣ ಎರಡನ್ನೂ ಕೂಡಿಸಿ ನಾವು ಮಾಡಿಕೊಂಡ ಅರವತ್ತು ದಿನದ ತಿಂಗಳು. ಈ ಪತ್ರ ಬರುವುದು ಹಿಂದಂಚೆಯಲ್ಲಿ. ಮನೆಯಲ್ಲಿ ಸಾವಾದರೆ, ಉಳಿದವರು ಒಬ್ಬ ಹಿರಿಯರಿಗೆ ಒಂದು ಪತ್ರ ಬರೆದು ಹಿಂದಂಚೆಯ ಕಚೇರಿಗೆ ಕೊಡಬಹುದು. ಅದು ಹಿಂದಿನ ಕಾಲಕ್ಕೆ ಹೋಗುತ್ತದೆ ಎಂದು ಕಚೇರಿಯವರು ಹೇಳುತ್ತಾರೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ನಿಮಗೀಗ ಮೂವತ್ತೈದು ಇರಬಹುದು, ನನಗೆ ಐವತ್ತಾರು. ಮಗಳ ವಯಸ್ಸಿನವಳನ್ನು ಅಜ್ಜಿ ಎನ್ನಬೇಕಾಗಿ ಬಂದಿದೆ, ನಗಬೇಡಿ.

ನನ್ನ ಗಂಡ ದ್ಯಾಮಣ್ಣ ತೀರಿಕೊಂಡು ಇಪ್ಪತ್ತಾರು ದಿನವಾಯಿತು. ನಾನು ಅತ್ತಿಲ್ಲ. ರೊಟ್ಟಿ ಬಡಿಯುತ್ತೇನೆ, ಅಂಗಳ ಗುಡಿಸುತ್ತೇನೆ, ಬಂದವರಿಗೆ ಚಹಾ ಕೊಡುತ್ತೇನೆ. ಒಳಗೆ ಮರಗಟ್ಟಿ ಹೋಗಿದೆ. ಚಿವುಟಿದರೂ ನೋಯದ ಕಾಲಿನ ಹಾಗೆ.

ನಮ್ಮ ಊರು ಬದುಕುವುದು ಗಾಳಿಕಂಬಗಳಿಂದ. ನಿಮ್ಮ ಕಾಲದಲ್ಲೇ ಗುಡ್ಡದ ಮೇಲೆ ಅವು ತಿರುಗುತ್ತಿದ್ದವಂತೆ. ಈಗ ಗುಡ್ಡದಲ್ಲಿ ಕಂಬವಿಲ್ಲದ ಜಾಗವಿಲ್ಲ. ಬೀದಿಯ ಗಂಡಸರು, ಹೆಂಗಸರು ದಿನವೂ ಅವನ್ನು ಹತ್ತಿ ರೆಕ್ಕೆ ಒರೆಸಿ, ಕೀಲಿಗೆ ಎಣ್ಣೆ ಬಿಡುತ್ತಾರೆ. ಹತ್ತುವವರ ರಕ್ತದೊತ್ತಡ ನೂರ ನಲವತ್ತು ದಾಟುವಂತಿಲ್ಲ. ದಾಟಿದರೆ ಕೆಳಗಿಳಿಸಿ, ಮುದುಕರ ಜೊತೆ ಕೊಟ್ಟಿಗೆಯಲ್ಲಿ ತುಕ್ಕು ಉಜ್ಜಲು ಕೂರಿಸುತ್ತಾರೆ. ದಿನಕ್ಕೊಂದು ಗುಳಿಗೆ ನುಂಗಿ, ಉಪ್ಪು ಕಡಿಮೆ ಮಾಡಿದರೆ ಮೂರು ತಿಂಗಳಲ್ಲಿ ಮತ್ತೆ ಹತ್ತಬಹುದು. ಕಾನೂನು ಒಳ್ಳೆಯದೇ. ಆದರೆ ಬೀದಿಯ ಬಾಯಿಗೆ ಒಮ್ಮೆ ಇಳಿದವ ಸಾಯುವತನಕ ಇಳಿದವನೇ. ಅವನ ಮನೆಗೆ ಹೆಣ್ಣು ಕೊಡಲೂ ಹಿಂದೆ ಮುಂದೆ ನೋಡುತ್ತಾರೆ.

ಒತ್ತಡ ಅಳೆದು ಬರೆಯುವವಳು ನಾಡಿಗಿತ್ತಿ. ಸೂಲಗಿತ್ತಿ ಇದ್ದ ಹಾಗೆ, ಬೀದಿಗೊಬ್ಬಳು. ನಮ್ಮ ಬೀದಿಗೆ ನಾನು, ನನಗಿಂತ ಮೊದಲು ನನ್ನ ಅವ್ವ, ಅವಳ ಅವ್ವ, ಹಾಗೇ ಹಿಂದೆ ಹೋದರೆ ನೀವು. ಅಳತೆಯ ದಿನ ಬೀದಿಯಲ್ಲಿ ಯಾರೂ ಜಗಳವಾಡುವುದಿಲ್ಲ, ಮಕ್ಕಳನ್ನೂ ಗದರುವುದಿಲ್ಲ. ಒಬ್ಬೊಬ್ಬರನ್ನೇ ಕೂರಿಸಿ ತೋಳಿಗೆ ಪಟ್ಟಿ ಕಟ್ಟಿ ನೋಡುತ್ತೇವೆ. ಮೊದಲ ಸಂಖ್ಯೆಯನ್ನು ಬರೆಯದೆ ಗಾಳಿಗೆ ಬಿಡುವುದು, ಎರಡನೆಯದನ್ನೂ ಗಾಳಿಗೆ ಬಿಡುವುದು. ಕೈ ಸವರಿ, ನಿಧಾನ ಉಸಿರಾಡಿಸಿ, ನೀರು ಕುಡಿಸಿ, ಮೂರನೆಯದನ್ನು ಬರೆಯುವುದು. ಇದು ನಮ್ಮ ಸಂಪ್ರದಾಯ, ನಮ್ಮ ಮರ್ಯಾದೆ. ಮೊದಲನೆಯದನ್ನು ಬರೆಯುವ ನಾಡಿಗಿತ್ತಿಯ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ.

ದ್ಯಾಮಣ್ಣನ ಮೊದಲ ಸಂಖ್ಯೆ ಹನ್ನೊಂದು ವರ್ಷ ನೂರ ಅರವತ್ತರ ಕೆಳಗೆ ಬಂದಿರಲಿಲ್ಲ. ಮೂರನೆಯದು ಪ್ರತಿ ಸಲವೂ ನೂರ ಮೂವತ್ತೆಂಟೋ ನೂರ ಮೂವತ್ತಾರೋ. ಆ ಐದು ನಿಮಿಷ ಅವನ ಮೈ ನನ್ನ ಮಾತು ಕೇಳುತ್ತಿತ್ತು, ಉಳಿದ ವರ್ಷವಿಡೀ ಯಾರ ಮಾತೂ ಕೇಳುತ್ತಿರಲಿಲ್ಲ. ಒಮ್ಮೆ ನನ್ನ ಕೈ ತಡೆಯಿತು. ಅವನು ನಕ್ಕ. “ಏಯ್ ಫಕೀರಿ, ಮೂರನೇದ ಬರಿ. ಸುಮ್ನ ಯಾಕ ತಲಿ ಕೆಡಿಸ್ಕೋತಿ? ನಾ ಕಲ್ಲ ಇದ್ದಂಗ ಅದೀನಿ,” ಎಂದ. ಬರೆದೆ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಆ ದೀಪ ನಾನೇ.

ಅವನು ಕಂಬದ ಮೇಲೆಯೇ ಹೋದ. ಸೊಂಟದ ಪಟ್ಟಿ ಹಿಡಿದುಕೊಂಡದ್ದರಿಂದ ಬೀಳಲಿಲ್ಲ. ಮಧ್ಯಾಹ್ನದ ಊಟಕ್ಕೆ ಇಳಿಯದಿದ್ದಾಗಲೇ ಕೆಳಗಿನವರಿಗೆ ಗೊತ್ತಾದದ್ದು. ಸತ್ತವರ ರಕ್ತನಾಳವನ್ನು ಬೆಳಕಿನಲ್ಲಿ ಮನೆಯವರಿಗೆ ತೋರಿಸುವ ಪದ್ಧತಿ ನಮ್ಮಲ್ಲಿದೆ, ನಾಳದರ್ಶನ ಎನ್ನುತ್ತೇವೆ. ಹೃದಯಕ್ಕೆ ರಕ್ತ ಕೊಡುವ ಮೂರರಲ್ಲಿ ಎರಡು ನಾಳ ಕಟ್ಟಿಹೋಗಿದ್ದವು, ಹಳೆ ನಲ್ಲಿಯೊಳಗೆ ಸುಣ್ಣ ಕಟ್ಟಿದ ಹಾಗೆ. ಡಾಕ್ಟರು, “ವರ್ಷಾನುಗಟ್ಲೆ ಒತ್ತಡ ಬಡಿದು ಬಡಿದು ಹಿಂಗಾಗೇತಿ ತಾಯಿ. ಯಾರೂ ನೋಡಿರಲಿಲ್ಲೇನು?” ಎಂದು ಕೇಳಿದರು. ನಾನು ನೋಡಿದ್ದೆ.

ಆ ವಾರವೇ ನಿಮ್ಮ ದಾಖಲೆ ಪುಸ್ತಕ ತೆಗೆದೆ. ಮನೆತನದವರು ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಪೂಜೆ ಮಾಡುತ್ತಾರೆ, ಓದುವುದಿಲ್ಲ. ಹದಿನಾಲ್ಕನೇ ಹಾಳೆಯಲ್ಲಿ ಒಬ್ಬನ ಹೆಸರಿನ ಮುಂದೆ ಎರಡು ಸಂಖ್ಯೆಗೆ ಕಾಟು ಹೊಡೆದು ಮೂರನೆಯದನ್ನು ಉಳಿಸಿದ್ದೀರಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ “ಪಾಪ, ಬಸ್ಸಿಗೆ ತಡ ಆತಂತ ಓಡ್ಕೊಂತ ಬಂದಿದ್ದ” ಎಂದು ಬರೆದಿದ್ದೀರಿ. ನೀವು ಓಡಿ ಬಂದ ಒಬ್ಬನಿಗೆ ತೋರಿದ ಕರುಣೆಯನ್ನು ನಾವು ಕೂತೇ ಇದ್ದವರಿಗೂ ಹಂಚಿದ್ದೇವೆ, ಇನ್ನೂರ ನಲವತ್ತು ವರ್ಷ.

ನಿಮ್ಮ ಮೇಲೆ ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ. ಓಡಿ ಬಂದವನನ್ನು ಕೂರಿಸಿ ಮತ್ತೆ ನೋಡುವುದು ಸರಿಯೇ. ಆದರೆ ಕಾಟು ಹೊಡೆಯಬೇಡಿ ಅಜ್ಜಿ. ಮೂರನ್ನೂ ಬರೆಯಿರಿ. ನಾಳೆ ಕರೆಯಿರಿ, ಮುಂದಿನ ವಾರವೂ ಕರೆಯಿರಿ. ಅವನು ಚೆನ್ನಾಗಿದ್ದೇನೆ ಎಂದರೆ ಚಹಾ ಕೊಟ್ಟು ಕೂರಿಸಿ ಪಟ್ಟಿ ಕಟ್ಟಿರಿ. ಗುಳಿಗೆ ಕೊಟ್ಟರೆ, ಸಂಖ್ಯೆ ಇಳಿಯಿತೆಂದು ತಾನಾಗಿ ಬಿಡಬೇಡ ಎಂದು ಹೇಳಿರಿ. ಬೈದರೆ ಬೈಸಿಕೊಳ್ಳಿ. ಇಷ್ಟೇ ನನ್ನ ಬೇಡಿಕೆ.

ಇವತ್ತು ಅಳತೆಯ ದಿನವಾಗಿತ್ತು. ನನ್ನ ಮಗ ಗವಿಸಿದ್ದನಿಗೆ ಮೂವತ್ತೊಂದು, ಅಪ್ಪನದೇ ಕಂಬ ಹತ್ತುತ್ತಾನೆ. ಐದು ವರ್ಷದಿಂದ ಅವನ ಮೊದಲ ಸಂಖ್ಯೆಯೂ ಅಪ್ಪನದರ ಹಾಗೇ. ಇವತ್ತು ನೂರ ಅರವತ್ತನಾಲ್ಕು. “ಅವ್ವಾ, ಇನ್ನೊಮ್ಮಿ ನೋಡು,” ಎಂದ. ನೋಡಿದೆ. ಮತ್ತೊಮ್ಮೆಯೂ ನೋಡಿದೆ, ನೂರ ಮೂವತ್ತನಾಲ್ಕು. ಬೀದಿಯೆಲ್ಲ ನಿಂತು ನೋಡುತ್ತಿರುವಾಗ ಮೂರನ್ನೂ ಬರೆದೆ, ದೊಡ್ಡದನ್ನು ಮೊದಲು. “ನನ್ನ ಇಳಿಸಿದಿಯಲ್ಲ ಅವ್ವಾ,” ಎಂದು ಎದ್ದು ಹೋದ. ಆಮೇಲೆ ಯಾರೂ ನನ್ನ ಮುಂದೆ ಕೈ ಚಾಚಲಿಲ್ಲ.

ಡಾಕ್ಟರು ಮಧ್ಯಾಹ್ನ ಬಂದು, ಅವನನ್ನು ತಾವೇ ಪರೀಕ್ಷಿಸಿ ಗುಳಿಗೆ ಬರೆದು ಹೋದರು. ಊಟದ ಮೇಲೆ ನೀರಿನ ಜೊತೆ ಅವನ ಮುಂದಿಟ್ಟೆ. ಅವನು ನನ್ನ ಮುಖ ನೋಡಲಿಲ್ಲ. ಗೋಡೆಯ ಕಡೆ ತಿರುಗಿ ನುಂಗಿದ. ಅವನ ಗಂಟಲು ಕದಲುವುದನ್ನು ನಾನು ನೋಡಿದೆ.