ನಾನು ಬರೆಯದೆ ಬಿಟ್ಟ ರಕ್ತಪರೀಕ್ಷೆ

ಸರೋಜಕ್ಕ,

ಸುಳ್ಯದ ಆ ಕ್ಲಿನಿಕ್ಕಿನಲ್ಲಿ ನಾನು ಮೊದಲು ಕುಳಿತ ದಿನ ನಿಮಗೆ ನೆನಪಿದೆಯೇ? ಹಳೆಯ ಡಾಕ್ಟರು ವಯಸ್ಸಾಯಿತೆಂದು ಕ್ಲಿನಿಕ್ಕನ್ನು ನನಗೆ ಬಿಟ್ಟುಕೊಟ್ಟಿದ್ದರು. ಅವರ ಬಳಿ ಹತ್ತು ವರ್ಷ ನರ್ಸಾಗಿ ದುಡಿದಿದ್ದ ನೀವು ನನ್ನ ಜೊತೆಗೂ ಉಳಿದಿರಿ. ಒಂದು ಮಗುವಿಗೆ ಇಂಜೆಕ್ಷನ್ ಕೊಡಲು ಹೋಗಿ ಎಲ್ಲಿ ಚುಚ್ಚಲಿ ಎಂದು ತಡವರಿಸಿದೆ. ತಾಯಿಗೆ ಗೊತ್ತಾಗದ ಹಾಗೆ ಸಿರಿಂಜನ್ನು ನನ್ನಿಂದ ತೆಗೆದುಕೊಂಡು, "ನೀವು ಮಗುವಿನ ಹತ್ರ ಮಾತಾಡ್ತಾ ಇರಿ ಡಾಕ್ಟ್ರೆ, ಇದು ನಾನು ಕೊಡ್ತೇನೆ" ಅಂದಿರಿ. ಆಮೇಲೆ ಇಪ್ಪತ್ತು ವರ್ಷ, ಆಲೆಟ್ಟಿಯಿಂದ ಬೆಳಗಿನ ಬಸ್ಸಿಗೆ ಬಂದು ನನಗಿಂತ ಮೊದಲೇ ಬಾಗಿಲು ತೆರೆದಿರುತ್ತಿದ್ದಿರಿ. ಯಾರಿಗೆ ಯಾವ ಔಷಧಿ ಆಗುವುದಿಲ್ಲ, ಯಾವ ಮನೆಯವರು ನೋವನ್ನು ಹೇಳದೆ ಮುಚ್ಚಿಡುತ್ತಾರೆ, ಎಲ್ಲ ನಿಮ್ಮ ತಲೆಯಲ್ಲಿತ್ತು. ನನಗೆ ಬರುವ ವೈದ್ಯಕೀಯದಲ್ಲಿ ಅರ್ಧ ನೀವು ಕಲಿಸಿದ್ದು. ಹಾಗಿದ್ದೂ ನಿಮ್ಮನ್ನು ನಾನು...

ನಿಮಗೆ ಸೂಜಿ ಚುಚ್ಚಿದ ದಿನ ನನಗೆ ಚೆನ್ನಾಗಿ ನೆನಪಿದೆ. ಜ್ವರದ ಕಾಲ, ಹೊರಗೆ ಬೆಂಚು ತುಂಬಿ ಜನ ಮೆಟ್ಟಿಲವರೆಗೆ ನಿಂತಿದ್ದರು. ಯಾವುದೋ ಊರಿನಿಂದ ಕೆಲಸಕ್ಕೆ ಬಂದಿದ್ದ ಒಬ್ಬ ಗಂಡಸು ಜ್ವರದಲ್ಲಿ ಗಡಗಡ ನಡುಗುತ್ತಿದ್ದ. ನೀವು ಅವನ ನರಕ್ಕೆ ಇಂಜೆಕ್ಷನ್ ಕೊಟ್ಟು ಸೂಜಿ ಹೊರಗೆಳೆಯುವಾಗ ಅವನು ಕೈಯನ್ನು ರಪ್ಪನೆ ಹಿಂದಕ್ಕೆಳೆದ. ನೀವು ನನ್ನ ಕೋಣೆಯ ಪರದೆ ಸರಿಸಿ ಬಂದಿರಿ. ಹೆಬ್ಬೆರಳಿನಿಂದ ರಕ್ತ ಬರುತ್ತಿತ್ತು.

"ಸೂಜಿ ಚುಚ್ಚಿತು ಡಾಕ್ಟ್ರೆ. ಸ್ವಲ್ಪ ಆಳಕ್ಕೇ ಹೋಯ್ತು."

"ಸೋಪು ಹಾಕಿ ತೊಳೀರಿ. ಒಂದು ಟಿಟಿ ತಗೊಳ್ಳಿ. ಎಂತ ಆಗುದಿಲ್ಲ," ಎಂದೆ. ಮುಂದಿನವರನ್ನು ಒಳಗೆ ಕರೆದೆ.

ಅಷ್ಟೇ. ಅವನ ರಕ್ತವನ್ನು ಪರೀಕ್ಷೆಗೆ ಕಳಿಸಬೇಕಿತ್ತು, ನಿಮ್ಮದನ್ನೂ ಕಳಿಸಬೇಕಿತ್ತು. ಮೂರು ದಿನದೊಳಗೆ ಶುರುಮಾಡಿದರೆ ಸೋಂಕನ್ನು ತಡೆಯುವ ಮಾತ್ರೆಗಳು ಸರಕಾರಿ ಆಸ್ಪತ್ರೆಯಲ್ಲೇ ಸಿಗುತ್ತವೆ. ಅದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಗಂಡಸಿಗೆ ಕಾಯಿಲೆ ಇತ್ತೋ ಇಲ್ಲವೋ ಇಂದಿಗೂ ನಾನು ಹೇಳಲಾರೆ. ಅವನ ಹೆಸರನ್ನು ಕೂಡ ಬರೆದಿಟ್ಟುಕೊಂಡಿರಲಿಲ್ಲ.

ಮೂರು ವಾರ ಕಳೆದು ನಿಮಗೆ ಜ್ವರ ಬಂತು. ಗಂಟಲು ನೋವು, ಕುತ್ತಿಗೆಯಲ್ಲಿ ಗಡ್ಡೆ, ಎದೆ ಬೆನ್ನಿನ ಮೇಲೆ ಸಣ್ಣ ಕೆಂಪು ಕಲೆಗಳು. ಜ್ವರದಲ್ಲೂ ನೀವು ಕೆಲಸಕ್ಕೆ ಬಂದಿದ್ದಿರಿ. ಡೆಂಗೆ ನೋಡಿಸಿದೆ, ಇರಲಿಲ್ಲ. ಇಲಿಜ್ವರ ನೋಡಿಸಿದೆ, ಅದೂ ಇರಲಿಲ್ಲ. "ಯಾವುದೋ ವೈರಲ್ ಸರೋಜಕ್ಕ, ಊರಿಡೀ ಉಂಟಲ್ಲ" ಎಂದು ಜ್ವರದ ಮಾತ್ರೆ ಕೊಟ್ಟೆ. ಹತ್ತು ದಿನದಲ್ಲಿ ನೀವು ಮೊದಲಿನಂತಾದಿರಿ. ಎಚ್‌ಐವಿ ಮೈಗೆ ಹೊಕ್ಕ ಮೊದಲ ವಾರಗಳಲ್ಲಿ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಉಳಿದ ಹತ್ತು ಜ್ವರಗಳ ಹಾಗೆಯೇ ಬಂದು ತಾನಾಗಿಯೇ ಇಳಿದುಬಿಡುತ್ತದೆ. ಇಳಿದಾಗ ನಮ್ಮಂಥ ಡಾಕ್ಟರುಗಳಿಗೆ ನಮ್ಮ ಮಾತ್ರೆಯೇ ಕೆಲಸ ಮಾಡಿತು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತು. ಮೂರು ವಾರದ ಹಿಂದಿನ ಸೂಜಿ ನೆನಪಾಗಲೇ ಇಲ್ಲ. ನಿಮಗೆ ನೆನಪಾಗಿತ್ತೇ ಅಕ್ಕ? ಆಗಿದ್ದರೂ, ಎಂತ ಆಗುದಿಲ್ಲ ಎಂದ ಡಾಕ್ಟರನ್ನು ಮತ್ತೆ ಕೇಳುವುದು ಹೇಗೆ ಎಂದು ಸುಮ್ಮನಾದಿರೋ ಏನೋ...

ಅದಾಗಿ ಐದು ವರ್ಷಕ್ಕೆ ನಿಮ್ಮ ಸೊಂಟದ ಸುತ್ತ ಸರ್ಪಸುತ್ತು ಎದ್ದಿತು. ಉರಿಯಲ್ಲಿ ಸೀರೆಯ ನೆರಿಗೆ ತಾಗಿದರೂ ಹಲ್ಲು ಕಚ್ಚುತ್ತಿದ್ದಿರಿ. ಮನೆಯವರು ನಾಗನಿಗೆ ತಂಬಿಲದ ಪೂಜೆ ಕೊಡಿಸಿದರು, ನಾನು ಮಾತ್ರೆ ಕೊಟ್ಟೆ. "ವಯಸ್ಸಾಗ್ತಾ ಬಂತಲ್ಲ ಅಕ್ಕ, ಮೈಯ ಶಕ್ತಿ ಕಮ್ಮಿಯಾದಾಗ ಇದು ಬರುದುಂಟು" ಎಂದೆ. ಶಕ್ತಿ ಯಾಕೆ ಕಡಿಮೆಯಾಯಿತು ಎಂದು ಒಂದು ಹೆಜ್ಜೆ ಮುಂದೆ ಕೇಳಿಕೊಳ್ಳಲಿಲ್ಲ.

ಇನ್ನೊಂದು ಸಂಗತಿಯನ್ನು ಬರೆಯಲು ಪೆನ್ನು ಮುಂದೆ ಹೋಗುವುದಿಲ್ಲ. ಅದೇ ತಿಂಗಳು ಗುಂಡ್ಯದಲ್ಲಿ ಲಾರಿ ನಿಲ್ಲಿಸಿ ಬಂದ ಒಬ್ಬ ಡ್ರೈವರಿಗೂ ಸರ್ಪಸುತ್ತು ಆಗಿತ್ತು. ಅವನ ಕೆಲಸ ಏನೆಂದು ಕೇಳಿದೆ, ಬೇರೇನೂ ಕೇಳಲಿಲ್ಲ. ನೇರವಾಗಿ ಎಚ್‌ಐವಿ ಪರೀಕ್ಷೆ ಬರೆದೆ. ಆ ಚೀಟಿಯನ್ನು ಅವನ ಕೈಗೆ ಕೊಟ್ಟು ಲ್ಯಾಬಿನ ದಾರಿ ಹೇಳಿದವರು ನೀವೇ. ಮರುದಿನ ವರದಿ ತಂದು ನನ್ನ ಮೇಜಿನ ಮೇಲಿಟ್ಟವರೂ ನೀವೇ. ಅವನಿಗೆ ಏನೂ ಇರಲಿಲ್ಲ. ಡ್ರೈವರೆಂಬ ಕಾರಣಕ್ಕೆ ಅವನನ್ನು ಅನುಮಾನಿಸಿದೆ. ಸಂಸಾರಸ್ಥೆ, ಎಲ್ಲರೂ ಅಕ್ಕ ಎನ್ನುವ ಹೆಂಗಸು ಎಂಬ ಕಾರಣಕ್ಕೆ ನಿಮ್ಮನ್ನು ಅನುಮಾನಿಸಲಿಲ್ಲ. ಅದನ್ನು ಗೌರವ ಎಂದುಕೊಂಡಿದ್ದೆ. ಆ ಗೌರವವೇ ನಿಮ್ಮನ್ನು ಕೊಂದಿತು.

ನಿಮ್ಮ ಮಗಳು ಚೈತ್ರಳ ಮದುವೆಯ ಮಾತಿಗೆ ಕಡಬದಿಂದ ಗಂಡಿನ ಕಡೆಯವರು ಬಂದುಹೋದ ಹೊತ್ತಿಗೆ ನೀವು ಇಳಿದುಹೋಗಿದ್ದಿರಿ. ರವಿಕೆಗಳು ಹೆಗಲಿನಿಂದ ಜಾರುತ್ತಿದ್ದವು. ಬಾಯೊಳಗೆ ಬಿಳಿ ಪೊರೆ, ಚಹಾ ಕುಡಿದರೂ ಉರಿ. ನಾನು ಸಕ್ಕರೆ ಕಾಯಿಲೆ ನೋಡಿಸಿದೆ, ಥೈರಾಯ್ಡ್ ನೋಡಿಸಿದೆ. ಮಗಳ ಮದುವೆಯ ಓಡಾಟ, ಮುಟ್ಟು ನಿಲ್ಲುವ ವಯಸ್ಸು ಎಂದೆ. ಪ್ರತಿ ಸಲ ಒಂದೊಂದು ತೊಂದರೆಗೆ ಒಂದೊಂದು ಕಾರಣ ಹುಡುಕಿದೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ. ದಿನಾ ಎದುರಿಗಿದ್ದವರು ನೀವು. ದಿನಾ ನೋಡುವವರ ಮುಖ ಎಷ್ಟು ಬದಲಾಯಿತೆಂದು ಕಣ್ಣಿಗೆ ಕಾಣುವುದಿಲ್ಲವೇ?

ಪುತ್ತೂರಿನ ಆಸ್ಪತ್ರೆಯಲ್ಲಿ ನಿಮ್ಮನ್ನು ನೋಡಿದ್ದು ನನ್ನ ಮಗಳ ವಯಸ್ಸಿನ ಡಾಕ್ಟರ್. ತಡೆಯಲಾರದ ತಲೆನೋವೆಂದು ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಆಕೆ ಬಾಯಿ ತೆರೆಸಿ ನೋಡಿದಳು, ಸೊಂಟದ ಕಲೆ ನೋಡಿದಳು, ನನ್ನ ಕಡೆ ತಿರುಗಿದಳು.

"ಸರ್, ಎಚ್‌ಐವಿ ಮಾಡ್ಸಿದ್ದೀರಾ?"

"ಇಲ್ಲ. ಇವರು ನಮ್ಮ ಕ್ಲಿನಿಕ್ಕಿನ ಸಿಸ್ಟರ್. ಹಾಗೆಲ್ಲ ಇವರಿಗೆ..."

"ಸಿಸ್ಟರ್ ಅಂತಲೇ ಕೇಳಿದ್ದು ಸರ್. ಸೂಜಿ ಎಲ್ಲ ಮುಟ್ಟುವವರಲ್ವಾ?"

ಆಗ ನೀವು ಮಂಚದಿಂದ ನನ್ನ ಮುಖ ನೋಡಿದಿರಿ. ನಿಮಗೆ ನೆನಪಾಯಿತು. ನನಗೂ ನೆನಪಾಯಿತು. "ಯಾವಾಗಾದ್ರೂ ಸೂಜಿ ತಾಗಿದ್ದು ಉಂಟಾ?" ಎಂದು ಆಕೆ ನಿಮ್ಮನ್ನು ಕೇಳಿದಳು. ನೀವು ಕಣ್ಣು ಮುಚ್ಚಿ, "ನೆನಪಿಲ್ಲ" ಅಂದಿರಿ. ನನ್ನನ್ನು ಉಳಿಸಿದಿರಿ. ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಕ್ಲಿನಿಕ್ಕಿನ ಹೆಸರು, ಊರಿನವರ ಮಾತು, ನನ್ನ ಮೇಲೆ ಯಾರಾದರೂ ದೂರು ಕೊಟ್ಟರೆ ಎಂಬ ಭಯ, ಎಲ್ಲ ಒಂದೇ ಗಳಿಗೆಯಲ್ಲಿ ತಲೆಯಲ್ಲಿ ಹಾದುಹೋದವು. ನಿಮ್ಮ ಯೋಚನೆ ಅವೆಲ್ಲದರ ನಂತರ ಬಂತು.

ವರದಿಯಲ್ಲಿ ಎಚ್‌ಐವಿ ಇದೆಯೆಂದೇ ಬಂತು, ಮಿದುಳಿನ ಪೊರೆಗೂ ಸೋಂಕು ಹತ್ತಿತ್ತು. ಔಷಧಿ ಶುರುವಾಯಿತು, ತಡವಾಗಿತ್ತು. ಎರಡು ತಿಂಗಳೂ ನೀವು ಉಳಿಯಲಿಲ್ಲ. ಆ ನಡುವೆ ಒಂದು ಮಧ್ಯಾಹ್ನ ನಿಮ್ಮ ಗಂಡ ಜನಾರ್ದನಣ್ಣ ಕ್ಲಿನಿಕ್ಕಿಗೆ ಬಂದಿದ್ದರು. ರಬ್ಬರ್ ಟ್ಯಾಪಿಂಗ್ ಮುಗಿಸಿ ಹಾಗೆಯೇ ಬಂದವರು, ಅಂಗಿಯಲ್ಲಿ ರಬ್ಬರ್ ಹಾಲಿನ ಕಲೆ ಇತ್ತು. ಅವರ ರಕ್ತಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದಿತ್ತು.

"ನನಗೆ ಇಲ್ಲ ಅಂತಾದ್ರೆ ಅವಳಿಗೆ ಎಲ್ಲಿಂದ ಬಂತು ಡಾಕ್ಟ್ರೆ?" ಎಂದು ಕೇಳಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬೇಡಿಕೊಳ್ಳುವ ಹಾಗಿತ್ತು.

"ಅದೆಲ್ಲ ಹೀಗೇ ಅಂತ ಹೇಳ್ಲಿಕ್ಕೆ ಆಗುದಿಲ್ಲ ಜನಾರ್ದನಣ್ಣ," ಎಂದೆ.

ನಾನು ನಿಮಗೆ ಮಾಡಿದ ದೊಡ್ಡ ಅನ್ಯಾಯ ಯಾವುದು ಅಂದರೆ ಇದು. ಸೂಜಿಯ ದಿನದ್ದು ಅಜಾಗ್ರತೆ, ಜ್ವರದ ದಿನದ್ದು ದಡ್ಡತನ. ಇದು ಮಾತ್ರ ತಿಳಿದೂ ತಿಳಿದೂ ಮಾಡಿದ್ದು. ಒಂದೇ ವಾಕ್ಯದಲ್ಲಿ ಅವರ ಮನಸ್ಸಿನ ಮುಳ್ಳು ತೆಗೆಯಬಹುದಿತ್ತು. ಅವರು ತಲೆಯಾಡಿಸಿ ಎದ್ದು ಹೋದರು. ಆಮೇಲೆ ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಹತ್ತಿರ ಅವರು ಕೂರುವುದನ್ನು ನಾನು ನೋಡಲಿಲ್ಲ. ಬಾಗಿಲ ಹೊರಗಿನ ಬೆಂಚಿನಲ್ಲಿ ಇರುತ್ತಿದ್ದರು. ಅದನ್ನು ನೀವೂ ನೋಡಿದಿರಲ್ಲ ಅಕ್ಕ... ನೋಡಿಯೂ ನೀವು ನನ್ನ ಹೆಸರು ಹೇಳಲಿಲ್ಲ.

ನೀವು ಹೋಗಿ ಹನ್ನೊಂದು ತಿಂಗಳಾದ ಮೇಲೆ ಚೈತ್ರ ಕಡಬದಿಂದ ಬಂದಳು. ರೋಗಿಗಳ ಜೊತೆ ಸಾಲಿನಲ್ಲಿ ಕುಳಿತು, ಸರದಿ ಬಂದಾಗ ಒಳಗೆ ಬಂದಳು. ಏಳು ತಿಂಗಳ ಬಸುರಿ. ಏನು ತೊಂದರೆ ಎಂದು ಕೇಳಿದೆ.

"ನನಗೆ ತೊಂದರೆ ಎಂತ ಇಲ್ಲ ಅಂಕಲ್. ಅಮ್ಮನ ವರ್ಷಾಂತ ಬಂತು. ಅಪ್ಪ ಅಮ್ಮನ ಹೆಸರಲ್ಲಿ ಎಲೆ ಹಾಕಿ ಬಡಿಸುದಿಲ್ಲ ಅಂತಾರೆ. 'ಯಾರಿಗೆ ಹಾಕುದು? ನನಗೆ ಅವಳು ಯಾರಂತಲೇ ಗೊತ್ತಿರ್ಲಿಲ್ಲ' ಅಂತ ಹೇಳಿದ್ರು." ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, "ನೀವು ಇಪ್ಪತ್ತು ವರ್ಷ ನೋಡಿದವರಲ್ವಾ? ಅಮ್ಮ ಅಂಥವಳಲ್ಲ ಅಂತ ಅಪ್ಪನಿಗೆ ಒಂದು ಮಾತು ಹೇಳಿ ಅಂಕಲ್" ಎಂದಳು.

ಹೊರಗೆ ಜನ ಕಾಯುತ್ತಿದ್ದರು. ಬಾಗಿಲು ಹಾಕಿ ಅವಳಿಗೆ ಎಲ್ಲವನ್ನೂ ಹೇಳಿದೆ. ಸೂಜಿ, ಜ್ವರ, ಡ್ರೈವರಿಗೆ ಬರೆದ ಚೀಟಿ, ಪುತ್ತೂರಿನಲ್ಲಿ ನೀವು ಹೇಳಿದ ಸುಳ್ಳು, ನಾನು ನುಂಗಿದ ನಿಜ. ಅವಳು ಅಳಲಿಲ್ಲ. ಎದ್ದು ನಿಂತು, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, "ನನಗೆ ಹೇಳಿ ಪ್ರಯೋಜನ ಇಲ್ಲ. ಅಪ್ಪನಿಗೆ ಹೇಳಿ. ನೆಂಟರ ಎದುರು ಹೇಳಿ" ಎಂದಳು. ಅಂಕಲ್ ಎನ್ನಲಿಲ್ಲ.

ಆಲೆಟ್ಟಿಯ ನಿಮ್ಮ ಮನೆಗೆ ವರ್ಷಾಂತದ ದಿನ ಹೋದೆ. ಅಂಗಳದಲ್ಲಿ ನಿಮ್ಮ ಅಣ್ಣ, ಮೈದುನಂದಿರು, ನಾದಿನಿಯರು, ನೆರೆಯವರು ಇದ್ದರು. ನನಗೆ ಕುರ್ಚಿ ತಂದಿಟ್ಟರು. ನಿಂತುಕೊಂಡೇ ಹೇಳಿದೆ. ಈ ಕಾಯಿಲೆ ಸರೋಜಕ್ಕನಿಗೆ ನನ್ನ ಕ್ಲಿನಿಕ್ಕಿನಲ್ಲಿ, ನಾನು ಹೇಳಿದ ಕೆಲಸ ಮಾಡುವಾಗ ಸೂಜಿ ಚುಚ್ಚಿ ಬಂದದ್ದು ಎಂದೇ ನಾನು ನಂಬಿದ್ದೇನೆ, ತಡೆಯುವ ದಾರಿ ಇತ್ತು, ನಾನು ಮಾಡಲಿಲ್ಲ, ಆಮೇಲೆ ಗೊತ್ತಾದರೂ ಮುಚ್ಚಿಟ್ಟೆ. ನಿಮ್ಮ ಅಣ್ಣ ಎದ್ದು ಬಂದು, "ಇಷ್ಟು ದಿನ ಎಂತ ಮಾಡ್ತಾ ಇದ್ರಿ ಮಾರಾಯ್ರೆ? ಅವಳು ಜೀವದಲ್ಲಿರುವಾಗ ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ?" ಎಂದು ಕೇಳಿದರು. ಯಾರೋ ಹೊಡೆಯಲು ಬಂದರು, ಯಾರೋ ತಡೆದರು. ಹೊಡೆದಿದ್ದರೆ ಒಳ್ಳೆಯದಿತ್ತು.

ಜನಾರ್ದನಣ್ಣ ಮಾತ್ರ ಕುಳಿತಲ್ಲಿಂದ ಏಳಲಿಲ್ಲ. ನೆಲ ನೋಡುತ್ತಾ, "ಕೊನೆಗೊಮ್ಮೆ ನಾನು ಅವಳನ್ನೇ ಕೇಳಿದ್ದೆ ಡಾಕ್ಟ್ರೆ. ಯಾರು ಅಂತ ಕೇಳಿದ್ದೆ" ಅಂದರು. ಹೆಗಲ ಮೇಲಿನ ಟವಲಿನಿಂದ ಮುಖ ಮುಚ್ಚಿಕೊಂಡರು. ನೀವು ಅವರಿಗೆ ಏನು ಉತ್ತರ ಕೊಟ್ಟಿರಿ ಎಂದು ಕೇಳುವ ಅರ್ಹತೆ ನನಗಿರಲಿಲ್ಲ.

ಈಗ ಕ್ಲಿನಿಕ್ಕಿಗೆ ಜನ ಕಡಿಮೆ. ಕೆಲವರು ಬೇರೆ ಡಾಕ್ಟರ ಬಳಿಗೆ ಹೋದರು, ಹೋಗಬೇಕಾದ್ದೇ. ಬರುವವರಲ್ಲಿ ಕಾರಣ ಸಿಗದ ಜ್ವರ ಕಂಡರೆ ಅವರು ಮೇಸ್ಟ್ರಾಗಲಿ, ಅರ್ಚಕರಾಗಲಿ, ಅಜ್ಜಾವರದ ಅಜ್ಜಿಯಾಗಲಿ, ಕೇಳಿ ಎಚ್‌ಐವಿ ಪರೀಕ್ಷೆ ಬರೆಯುತ್ತೇನೆ. ಮುಖ ನೋಡಿ ಬಿಟ್ಟುಬಿಡುವುದಿಲ್ಲ. ಮೊದಲ ದಿನಗಳಲ್ಲಿ ಪರೀಕ್ಷೆಯಲ್ಲಿ ಸಿಗದಿರಬಹುದು, ಮತ್ತೊಮ್ಮೆ ಬನ್ನಿ ಎಂದು ಹೇಳಿ ಕಳಿಸುತ್ತೇನೆ. ಮೊನ್ನೆ ಪುತ್ತೂರಿನಲ್ಲಿ ಓದುವ ಒಬ್ಬಳು ಹೀಗೆ ಬೇಗ ಗೊತ್ತಾಗಿ ಮಾತ್ರೆ ಶುರುಮಾಡಿದ್ದಾಳೆ. ನನ್ನ ಬಳಿ ಕೆಲಸಕ್ಕಿರುವ ಹೊಸ ಸಿಸ್ಟರಿಗೆ ಸೂಜಿ ತಾಗಿದರೆ ರೋಗಿಗಳು ಎಷ್ಟೇ ಇರಲಿ, ಬಾಗಿಲು ಹಾಕಿ ನಾನೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ನಿಮಗೆ ಕೊಡಬಹುದಾದ ಮಾತು ಇಷ್ಟೇ. ಇದರಿಂದ ನನ್ನ ತಪ್ಪು ತಿದ್ದಿಹೋಯಿತು ಎಂದು ನಾನು ತಿಳಿದಿಲ್ಲ.

ವರ್ಷಾಂತದ ಆ ದಿನ ನಾನು ಅಂಗಳ ದಾಟಿ ಹೊರಡುವಾಗ ಚೈತ್ರ ಹಿಂದಿನಿಂದ ಕರೆದು ನಿಲ್ಲಿಸಿದಳು. ಒಳಗೆ ನಿಮ್ಮ ಹೆಸರಿನಲ್ಲಿ ಎಲೆ ಹಾಕಿದ್ದರು. ಹೆಂಗಸರು ಅನ್ನದ ಪಾತ್ರೆ ತಂದಾಗ ಜನಾರ್ದನಣ್ಣ ಅದನ್ನು ಅವರ ಕೈಯಿಂದ ತೆಗೆದುಕೊಂಡರು. ಅನ್ನ, ಮೀನಿನ ಸಾರು, ಪಾಯಸ, ಒಂದೊಂದನ್ನೂ ತಾವೇ ಬಡಿಸಿದರು. ಆಮೇಲೆ ಎಲೆಯ ಪಕ್ಕ ನೆಲದಲ್ಲಿ ಕುಳಿತು, ನಿಮ್ಮ ಮನೆಮಾತು ಅರೆಭಾಷೆಯಲ್ಲಿ ಮೆಲ್ಲನೆ ಮಾತಾಡತೊಡಗಿದರು. ಬಾಗಿಲ ಬಳಿ ನಿಂತ ನನಗೆ ನಿಮ್ಮ ಹೆಸರು ಮಾತ್ರ ಕೇಳಿಸಿತು. ಉಳಿದದ್ದು ನಿಮಗೆ ಹೇಳಿದ್ದು ಅಕ್ಕ. ನಾನು ಅಲ್ಲಿಂದ ಸರಿದು ಬಂದೆ.