ವಿಶಾಖೆಯ ಮೇಲೆ ಹೊರಿಸಿದ್ದು

ಕಾಟ್ಟಿಕುಳಂ
೨೮-೫-೧೯೭೦

ಮಗಳು ಚೆಲುವಮ್ಮನಿಗೆ ನಿನ್ನ ಸೋದರಮಾವ ಶಿವಮಲ್ಲಪ್ಪ ಮಾಡುವ ಆಶೀರ್ವಾದ. ನಾವು ಇಲ್ಲಿ ಕ್ಷೇಮ. ಗುಂಡ್ಲುಪೇಟೆಯಲ್ಲಿ ನೀನೂ ಅಕ್ಕನೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈದುಕೊಳ್ಳಬೇಡ. ನಕ್ಸಲರ ಹುಡುಕಾಟ ಶುರುವಾದ ಮೇಲೆ ಪೊಲೀಸರು ಅಂಚೆ ಕಾಗದಗಳನ್ನೂ ಬಿಚ್ಚಿ ಓದುತ್ತಾರೆಂದು ಸುದ್ದಿ. ನನ್ನ ಅಕ್ಷರ ಓದಿದರೆ ಅವರಿಗೇ ಕಣ್ಣುನೋವು. ಆದರೂ ಮೆಣಸಿನ ವ್ಯಾಪಾರಿ ನಿಂಗಯ್ಯನ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೈದುನ ಬೊಮ್ಮ ಪೊಲೀಸರ ಕೈಯಲ್ಲಿ ಸತ್ತದ್ದು ನಿನ್ನ ವಿಶಾಖಾ ನಕ್ಷತ್ರದಿಂದಲೇ, ಅದಕ್ಕೇ ಗಂಡ ನೀನು ಬಡಿಸಿದ್ದನ್ನು ಬಿಟ್ಟೆದ್ದು ಕೊನೆಗೆ ನಿನ್ನನ್ನು ತವರಿಗೆ ಕಳಿಸಿದನೇ ಎಂದು ಕೇಳಿದ್ದೀಯೆ. ಇಂಥದ್ದನ್ನು ತೀರ್ಮಾನಿಸಲು ನನ್ನಂಥವನು ಈ ಸೀಮೆಯಲ್ಲಿಲ್ಲ. ನಾಲ್ಕನೇ ಕ್ಲಾಸಿನಲ್ಲೇ ಪಂಚಾಂಗ ನೋಡಿ ಮೇಷ್ಟರ ಮಗಳಿಗೆ ಮುಹೂರ್ತ ಇಟ್ಟವನು ನಾನು. ನಿಮ್ಮ ಜಾತಕ ಕೂಡಿಸಿದ ಕುಂಞಿರಾಮ ಪಣಿಕ್ಕರ ಮನೆಗೇ ಹೋಗಿ ಕೇಳಿದೆ.

“ಮದ್ವೆಗೆ ಮುಂಚೆ ಏನಂದ್ರಿ? ಶುಕ್ರ ಚೆಂದಾಗವ್ನೆ, ಗಂಡ ಹೆಂಡ್ರ ಒಲವು ಬತ್ತಲ್ಲ. ನಾಕನೇ ಮನೇಲಿ ಗುರು ಅವ್ನೆ, ಈ ಹೆಣ್ಣು ಎಲ್ಲಾರ್ನೂ ಮಕ್ಕಳಂಗೆ ಸಾಕ್ತಾಳೆ ಅನ್ನಲಿಲ್ವ?”

“ಅಂದೆ. ಈಗಲೂ ಅದೇ. ಆದರೆ ವಿಶಾಖಂ ಮೈದುನನಿಗೆ ಆಗದು, ಚೇಟ್ಟಾ.”

“ನಿಮ್ಮ ಮನೆಯೋರದು ಯಾವ ನಕ್ಷತ್ರ?”

ಪಣಿಕ್ಕರು ಹಾಸಿದ್ದ ಕವಡೆ ಎಣಿಸತೊಡಗಿದರು. ಒಳಗಿನಿಂದ ಅವರ ಹೆಂಡತಿಯೇ “ವಿಶಾಖಂ” ಎಂದರು. ಆಕೆಯ ಮೈದುನ ಮೀನಂಗಡಿಯಲ್ಲಿ ಚಹಾದಂಗಡಿ ಇಟ್ಟು ಕೋಣನ ಹಾಗೆ ಬೆಳೆದಿದ್ದಾನೆ. ಪಣಿಕ್ಕರು ಕವಡೆ ಬಾಚಿ ಚೀಲಕ್ಕೆ ಹಾಕಿದರು.

ಇದನ್ನೇ ನಿನ್ನ ಅತ್ತೆ ಚಾಮುಂಡಮ್ಮನಿಗೆ ಹೇಳಿದೆ. “ನಿಮ್ ಪಂಚಾಂಗ ನೀವೇ ಮಡೀಕಳಿ. ನನ್ ಮಗ ಬರ್ತಾನಾ?” ಎಂದು ಬಾಗಿಲು ಹಾಕಿದಳು.

ನಿನ್ನ ಗಂಡ ದೇವಯ್ಯ, ನೀನು ಏಣಿ ಹಿಡಿಯದೆ ಮೆಣಸು ಕೊಯ್ಯಲು ಹತ್ತದವನು, ತೋಟದಲ್ಲಿ ನಿನ್ನ ಬೆವರು ಒರೆಸಿ ಆಳುಗಳ ನಗೆಗೆ ಈಡಾದವನು. ಈಗ ಕಾಫಿ ಗಿಡಗಳ ಅಂಚಿನಲ್ಲಿ ಒಬ್ಬನೇ ಕೂತಿರುತ್ತಾನೆ. ಪೊಲೀಸ್ ಕ್ಯಾಂಪಿನಿಂದ ಬಿಟ್ಟ ಮೇಲೆ ಅವನ ಎಡಗೈ ಭುಜದಿಂದ ಮೇಲೇಳುವುದಿಲ್ಲ.

ಬೊಮ್ಮ ಸತ್ತ ಪಾಪ ಕಳೆಯಲೆಂದು ನೀನು ಒಂದೇ ಹೊತ್ತು ಉಣ್ಣುತ್ತೀಯೆಂದು ಅಕ್ಕ ಹೇಳಿಕಳಿಸಿದ್ದಾಳೆ. ಹಾಗೆ ಮಾಡಬೇಡವ್ವ. ನಿನ್ನಿಂದ ಯಾರಿಗೂ ಏನೂ ಆಗಿಲ್ಲ. ಹೊಟ್ಟೆ ತುಂಬ ಉಣ್ಣು, ನಿನ್ನ ಬಾಳು ತಂಪಾಗಿರಲಿ.

ಇತಿ ನಿನ್ನ ಮಾವ,
ಶಿವಮಲ್ಲಪ್ಪ

ವಿ.ಸೂ.: ಇದನ್ನು ಅಕ್ಕನಿಗೆ ಓದಿ ಹೇಳಬೇಡ. ನಿನ್ನೆ ಹೊಳೆಯ ಹತ್ತಿರ ದೇವಯ್ಯ ನನ್ನ ಕಾಲು ಹಿಡಿದುಕೊಂಡ. ಕ್ಯಾಂಪಿನಲ್ಲಿ ಕೈ ಹಿಂದಕ್ಕೆ ಕಟ್ಟಿ ತೂಗುಹಾಕಿದಾಗ, ಬೊಮ್ಮ ಅಡಗಿದ್ದ ಗುಡಿಸಲು ಯಾವುದೆಂದು ಅವನೇ ಹೇಳಿಬಿಟ್ಟನಂತೆ. “ಅವ್ವಂಗೆ ಗೊತ್ತಾದ್ರೆ ಉಳಿಯಾಕಿಲ್ಲ ಮಾವಾ. ಅವ್ವ ಇರೋಗಂಟ ತಪ್ಪು ನಕ್ಷತ್ರದ ಮೇಲೇ ಇರ್ಲಿ. ಚೆಲುವಿ ತಡ್ಕೋತಾಳೆ” ಎಂದ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ವಾಪಸು ಬಾ ಎನ್ನಲೂ ಬರಬೇಡ ಎನ್ನಲೂ ನನಗೆ ಬಾಯಿ ಬರುತ್ತಿಲ್ಲ. ನೀನು ಬಡಿಸಿದ್ದನ್ನು ಅವನು ಬಿಟ್ಟೇಳುತ್ತಿದ್ದುದು ವಿಶಾಖೆಗೆ ಹೆದರಿ ಅಲ್ಲವಂತೆ. ದಿನವೂ ನೀನು ಮರೆತು ಬೊಮ್ಮನ ತಟ್ಟೆಯನ್ನೂ ಇಡುತ್ತಿದ್ದೆಯಂತೆ.